ಚಿಕ್ಕಿಯ ಕೆಳಗೆ ಪೆನ್ಸಿಲ್

ಬೈಲಹೊಂಗಲ
ರವಿವಾರ ಮುಂಜಾನೆ, ೨೩ ಫೆಬ್ರುವರಿ ೨೦೨೫

ನನ್ನ ಜೀವದ ಗೆಳತಿ ಕೃಷ್ಣವ್ವನಿಗೆ ನಿನ್ನ ಬೇಗಂಬಿಯ ಸಲಾಮು.

ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡ, ನಿನ್ನ ಮಗಳು ಭಾಗ್ಯಾ ಆರಾಮ ಇದ್ದಾಳೆ. ಜ್ವರ ಇಲ್ಲ, ನೆಗಡಿ ಇಲ್ಲ. ಈ ಚೀಟಿಯನ್ನು ಆಕೆಯ ಕೈಯಲ್ಲೇ ಕೊಟ್ಟು ಮುನವಳ್ಳಿ ಬಸ್ಸಿಗೆ ಕೂಡಿಸುತ್ತೇನೆ. ಫೋನು ಯಾವಾಗಲೂ ನಿಮ್ಮ ಯಜಮಾನರು ಭೀಮಶಿ ಅಣ್ಣನ ಕಿಸೆಯಲ್ಲೇ ಇರುತ್ತದೆ, ಅದಕ್ಕೇ ಬರವಣಿಗೆ. ಐದನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ತಪ್ಪಿದ್ದಲ್ಲಿ ತಿದ್ದಿ ಓದಿಕೋ. ನಿನ್ನೆ ಸಂಜೆಯಿಂದ ನನ್ನ ಎದೆ ಹೊಲಿಗೆ ಮಶಿನ್ನಿನ ಹಾಗೆ ಓಡುತ್ತಿದೆ. ನಿನಗೆ ಹೇಳದಿದ್ದರೆ ಒಡೆದೇ ಹೋಗುತ್ತದೆ!

ನಿನ್ನ ಭಾಗ್ಯಾ, ನನ್ನ ಹಿನಾಕೌಸರ ಓದುವ ಕಾಲೇಜಿನಲ್ಲಿ ನಿನ್ನೆ ನಾಟಕ ಇತ್ತು. ಹಿಟ್ಲರನ ಕಾಲದ ಜರ್ಮನಿ ದೇಶದ ಕಥೆ. ಭಾಗ್ಯಾ ಯಹೂದಿ ಹುಡುಗಿ. ನನ್ನ ಮಗಳು, ನಗಬೇಡ ಮತ್ತೆ, ಆಕೆಯನ್ನು ಹಿಡಿಯುವ ಸರಕಾರಿ ಸಾಹೇಬ! ಕೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಒಳ್ಳೆಯ ಪಾತ್ರ ಕೇಳಬಾರದಿತ್ತೇ, ನೋಡಿದವರು ಏನಂದಾರು ಎಂದು ಗೋಳಾಡಿದೆ. “ಅಮ್ಮಿ, ಕೆಟ್ಟವರು ಎಷ್ಟ್ ಚಂದ ಮಾತಾಡ್ತಾರ ಅನ್ನೋದನ್ನ ನಾ ತೋರಸ್ಬೇಕು” ಎಂದಳು. ಇನ್ನೊಂದು, ಬೈಯಬೇಡ. ಭಾಗ್ಯಾ ಹಾಸ್ಟೆಲಿನಿಂದ ನಮ್ಮ ಮನೆಗೇ ಬಂದು ಮಾತು ಬಾಯಿಪಾಠ ಮಾಡಿದ್ದು. ನನ್ನ ರೊಟ್ಟಿಯನ್ನೂ ತಿಂದಿದ್ದಾಳೆ.

ಕೋಟುಗಳ ಎದೆಗೆ ಹಳದಿ ಬಟ್ಟೆಯ ಚಿಕ್ಕಿ, ಆಕಾಶದಲ್ಲಿ ಮಿನುಗುವ ಚಿಕ್ಕಿಯಂಥದೇ, ಹಚ್ಚುವ ಕೆಲಸ ನನ್ನದು. ಕತ್ತರಿಸುತ್ತ ಕೇಳಿದೆ, ಇದೇನು ಬಹುಮಾನವೇ ಎಂದು. ಆಗ ಹಿನಾ ಎಲ್ಲ ಹೇಳಿದಳು. ಯಹೂದಿಗಳ ರಕ್ತವೇ ಬೇರೆ, ಅವರು ಈ ಮಣ್ಣಿನವರಲ್ಲ ಎಂದು ಸರಕಾರವೇ ಸಾಲಿಯಲ್ಲಿ ಪಾಠ ಮಾಡಿಸಿತಂತೆ. ಮೂಗು ಅಳೆದರಂತೆ, ತಲೆ ಅಳೆದರಂತೆ. ನನಗೆ ನಗೆ ಬಂತು. ಎದೆ, ತೋಳು ಅಳೆಯುವುದು ಗೊತ್ತು, ಮೂಗು ಅಳೆದು ಏನು ಹೊಲಿದರವ್ವಾ ಎಂದೆ. ಆಕೆ ನಗಲಿಲ್ಲ. “ಕಾನೂನು ಹೊಲಿದ್ರು ಅಮ್ಮಿ” ಎಂದಳು.

ಮೊದಲು ಅವರ ಅಂಗಡಿಗೆ ಹೋಗಬೇಡಿ ಎಂದರಂತೆ. ಆಮೇಲೆ ನೌಕರಿ ತೆಗೆದರು. ಮಕ್ಕಳ ಸಾಲಿ ಬಿಡಿಸಿದರು. ನಾನು ಸಾಲಿ ಬಿಟ್ಟದ್ದು ಮನೆಯ ತಾಪತ್ರಯಕ್ಕೆ, ಸರಕಾರವೇ ಕೂಸುಗಳನ್ನು ಹೊರಗೆ ಹಾಕಿದ್ದು ಎಲ್ಲಾದರೂ ಕೇಳಿದ್ದೀಯಾ? ಆಮೇಲೆ ಗುರುತಿಗೆಂದು ಈ ಚಿಕ್ಕಿ. ಕಡೆಗೆ ರೈಲು. ರೈಲು ಎಲ್ಲಿಗೆ ಎಂದು ಕೇಳಿದೆ. “ಕೊಲ್ಲಾಕ” ಎಂದಳು. ಸಣ್ಣ ಮಕ್ಕಳನ್ನೂ ಬಿಡಲಿಲ್ಲವಂತೆ.

ಆದರೆ ನನ್ನ ಕತ್ತರಿ ನಿಂತದ್ದು ಅದಕ್ಕಿಂತ ಮೊದಲೇ, ಅಂಗಡಿಯ ಮಾತಿಗೆ. ನಾಗರ ಪಂಚಮಿಯಿಂದ ಈಚೆ ನಿನ್ನ ಸೀರೆಯ ಮೇಲಿನ ಒಂದು ಜಂಪರೂ ನನ್ನ ಮಶಿನ್ನಿಗೆ ಬಂದಿಲ್ಲ. ಸಾಬರ ಹತ್ತಿರ ಹೊಲಿಸಬೇಡಿ ಎಂದು ಅಣ್ಣನ ಫೋನಿಗೆ ಮೆಸೇಜು ಬಂದಿತ್ತಂತೆ, ಭಾಗ್ಯಾ ಹೇಳಿದಳು. ಇರಲಿ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ.

ಈಗ ಕೇಳು ನನ್ನ ಫಜೀತಿ. ಕೋಟುಗಳೆಲ್ಲ ಊರವರಿಂದ ಕಡ ತಂದವು. ವಾಪಸು ಕೊಡುವಾಗ ಬಟ್ಟೆಯಲ್ಲಿ ತೂತು ಕಂಡರೆ ಯಾರು ಬೈಸಿಕೊಳ್ಳಬೇಕು? ಅದಕ್ಕೇ ಚಿಕ್ಕಿಗಳಿಗೆ ಕಚ್ಚಾ ಹೊಲಿಗೆ ಹಾಕಿದೆ, ಜಂಪರಿನ ಅಳತೆ ನೋಡುವಾಗ ಹಾಕುತ್ತೇವಲ್ಲ, ಎಳೆದರೆ ಬಿಚ್ಚುವ ಹಾಗೆ. ದೊಡ್ಡ ಜಾಣತನ ಮಾಡಿದೆ ಎಂದು ಹಿಗ್ಗಿದ್ದೆ!

ನಾಟಕದಲ್ಲಿ ಸಾಹೇಬ ಚಿಕ್ಕಿಯ ಕೆಳಗೆ ಪೆನ್ಸಿಲ್ ತೂರಿಸಿ ನೋಡುತ್ತಾನೆ. ತೂರಿದರೆ ಹೊಲಿಗೆ ಸಡಿಲ, ಇವರು ಚಿಕ್ಕಿ ತೆಗೆದಿಟ್ಟು ಮಂದಿಯೊಳಗೆ ಬೆರೆಯುತ್ತಾರೆ ಎಂದು ರೈಲಿಗೆ ಹತ್ತಿಸುತ್ತಾನೆ. ನಾಟಕದ ಪ್ರಕಾರ ಭಾಗ್ಯಾಳ ಚಿಕ್ಕಿ ಗಟ್ಟಿ ಇರಬೇಕು, ಆಕೆ ಪಾರಾಗಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ತಾಲೀಮಿನಲ್ಲಿ ಬರೀ ಪೆನ್ಸಿಲ್ ಇತ್ತು, ಚಿಕ್ಕಿ ಇರಲಿಲ್ಲ.

ಹಿನಾ ಕರಿ ಟೊಪ್ಪಿಗೆ ಹಾಕಿಕೊಂಡು ಬಂದಳು. ಪೆನ್ಸಿಲ್ ಹಚ್ಚಿದಳು. ಸರಕ್ಕನೆ ಒಳಗೆ ಹೋಗಿ ಆ ಕಡೆ ಬಂತು! ಚಿಕ್ಕಿ ಜೋತುಬಿತ್ತು. ಹಿನಾಳ ಮಾತು ನಿಂತಿತು, ಭಾಗ್ಯಾ ನಿಜವಾಗಿಯೇ ನಡುಗಿದಳು. ನನಗೇನಾಯಿತೋ, ಎದ್ದು ನಿಂತು ಕೂಗಿಬಿಟ್ಟೆ: “ಆಕೀದು ತಪ್ಪಿಲ್ಲರೀ! ಹೊಲದಾಕಿ ನಾನು! ಆಕೀನ್ನ ಬಿಡ್ರಿ!” ಹೆತ್ತ ಮಗಳಿಗೆ ‘ರೀ’ ಹಚ್ಚಿದೆ ನೋಡು, ಆ ಟೊಪ್ಪಿಗೆಗೆ ಅಂಜಿ.

ಸಭೆಯೆಲ್ಲ ನನ್ನ ಕಡೆ ತಿರುಗಿತು. ಹಿನಾ ಸಾವರಿಸಿಕೊಂಡು, ಸಾಹೇಬನ ದನಿಯಲ್ಲೇ, ತಣ್ಣಗೆ ಕೇಳಿದಳು: “ನಿನ್ನ ಎದೀ ಮ್ಯಾಲ ಚಿಕ್ಕಿ ಇಲ್ಲ. ನಡುವ ಯಾಕ ಬಾಯಿ ಹಾಕ್ತಿ? ಈಕಿ ನಿನಗ ಏನಾಗಬೇಕು?”

“ಏನಾಗಬೇಕಂದ್ರ? ನಮ್ಮ ಕೃಷ್ಣವ್ವನ ಮಗಳ್ರೀ! ಮುನವಳ್ಳಿಯಾಕಿ!”

ಜರ್ಮನಿಯಲ್ಲಿ ಮುನವಳ್ಳಿ! ಸಭೆ ಬಿದ್ದು ಬಿದ್ದು ನಕ್ಕಿತು. ನಗೆ ಇಳಿಯುವ ತನಕ ಹಿನಾ ಕಾದಳು. ಆಮೇಲೆ ಮೆತ್ತಗೆ, “ಕಾನೂನಿನ್ಯಾಗ ಹಂಗೇನೂ ಬರದಿಲ್ಲಬೇ” ಎಂದು ಭಾಗ್ಯಾಳ ತೋಳು ಹಿಡಿದು ರೈಲಿನ ಕಡೆ ನಡೆದಳು.  ನಾನು ನಿಂತೇ ಇದ್ದೆ ಕೃಷ್ಣವ್ವ, ಕೂಡುವುದೇ ನೆನಪಾಗಲಿಲ್ಲ.

ಪರದೆ ಬಿದ್ದ ಮೇಲೆ ಹುಡುಗಿಯರಿಬ್ಬರೂ ಓಡಿಬಂದು ನನ್ನನ್ನು ತಬ್ಬಿಕೊಂಡರು. ನಾಟಕ ಕಲಿಸಿದ ಮಡಿವಾಳೆಪ್ಪ ಮಾಸ್ತರರ ಕ್ಷಮೆ ಕೇಳಲು ಹೋದರೆ, ಗುರುವಾರ ಕಿತ್ತೂರಿನ ಆಟಕ್ಕೂ ಕಚ್ಚಾ ಹೊಲಿಗೆಯನ್ನೇ ಹಾಕ್ರಿ, ಕೂಗಲಿಕ್ಕೂ ಬರ್ರಿ ಎಂದರು! ಮತ್ತೆ ಹಾಗೆ ಬಾಯಿ ಬರುತ್ತದೋ ಇಲ್ಲವೋ ಎಂದು ಈಗಿನಿಂದಲೇ ಒಬ್ಬಳೇ ಕೂಗಿ ನೋಡುತ್ತಿದ್ದೇನೆ.

ನೀನೂ ಬಾ. ಜಂಪರಿನ ಬಟ್ಟೆ ತಾ ಎನ್ನುವುದಿಲ್ಲ, ಬರೀ ನೀನು ಬಾ. ಅಲ್ಲಿ ಮತ್ತೆ ‘ಈಕಿ ನಿನಗ ಏನಾಗಬೇಕು’ ಎಂದು ಕೇಳುತ್ತಾರೆ. ನೀನು ಮಗ್ಗಲಲ್ಲಿ ಇದ್ದರೆ ನನ್ನ ಮಾತು ಗಟ್ಟಿಯಾಗುತ್ತದೆ.

ನಿನಗೆಂದು ಕುರ್ಚಿ ಹಿಡಿದಿಟ್ಟು ಬಾಗಿಲು ನೋಡುವವಳು,
ಬೇಗಂಬಿ

ತಾ.ಕ.: ಹೇಳಬೇಡ ಎಂದಿದ್ದರು, ಆದರೆ ನನ್ನ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಭೀಮಶಿ ಅಣ್ಣ ನಿನ್ನೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲ ಕೇಳಿದ್ದಾರೆ. ಮಂದಿ ಚದುರಿದ ಮೇಲೆ ಬಂದು, ನೆಲ ನೋಡುತ್ತ, “ಗುಂಡಿ ಕಿತ್ತೈತಿ ಬೇಗಂಬಿ, ಒಂದೀಟು ಹಚ್ಚಿಕೊಡು” ಎಂದರು. ಗುಂಡಿ ತಾನಾಗಿ ಕಿತ್ತಿತ್ತೋ, ಅವರೇ ಕಿತ್ತುಕೊಂಡಿದ್ದರೋ, ಅಲ್ಲಾಹನಿಗೇ ಗೊತ್ತು. ನನ್ನ ಸೂಜಿಯಲ್ಲಿ ಚಿಕ್ಕಿಯ ಹಳದಿ ದಾರವೇ ಉಳಿದಿತ್ತು, ಬಿಳಿ ಅಂಗಿಯ ಮೇಲೆ ಎದ್ದು ಕಾಣುತ್ತದೆ. ನೋಡಿದರೂ ನೋಡದ ಹಾಗೆ ಇರು. ಹೊಲಿಗೆ ಮಾತ್ರ ಪಕ್ಕಾ ಹಾಕಿದ್ದೇನೆ.