ಸೊಪ್ಪು ತರಕಾರಿಯಲ್ಲ ಸ್ವಾಮಿ!

ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಹಂಚುವ ಕರಪತ್ರಕ್ಕೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಸೊಪ್ಪು ತರಕಾರಿಯಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಬಹಿರಂಗ ಪತ್ರವೇ ಎಂದು ತಾವು ನಗಬಹುದು. ನಗಿ, ನಗಿ! ನಾನೂ ನಿನ್ನೆಯಿಂದ ನಗುತ್ತಲೇ ಇದ್ದೇನೆ. ಯಾಕೆಂದರೆ ನನ್ನ ಅತ್ತೆ ಬೆಳ್ಳಮ್ಮನವರು ಬದುಕಿದ್ದಾರೆ, ಮಾತಾಡುತ್ತಿದ್ದಾರೆ, ಬೆಳಗ್ಗೆ ಎದ್ದವರೇ ಕಾಫಿ ನೀರಾಗಿದೆ ಎಂದು ನನಗೆ ಬೈದಿದ್ದಾರೆ. ಆಹಾ, ಎಂಥ ಬೈಗುಳ! ಕಿವಿ ತುಂಬಿ ಬಂತು.

ಅತ್ತೆಯ ಹೃದಯಕ್ಕೆ ಕಳೆದ ವರ್ಷ ಕೃತಕ ಕವಾಟ ಹಾಕಿದ್ದಾರೆ. ಅಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಮಾತ್ರೆ. ಈಚೆಗೆ ಮಾತ್ರೆಯ ಜೊತೆ ತಮ್ಮ ಹೊಸ ಕರಪತ್ರವೂ ಮನೆಗೆ ಬಂತು. ಅತ್ತೆ ಕನ್ನಡಕ ಏರಿಸಿ ಅಕ್ಷರ ಬಿಡದೆ ಓದಿದರು: ‘ಹಸಿರು ಎಲೆ ತರಕಾರಿಗಳ ಸೇವನೆಯನ್ನು ನಿಯಂತ್ರಿಸತಕ್ಕದ್ದು.’

ಮಂಡ್ಯದಲ್ಲಿ ಎಲೆ ಎಂದರೆ ಏನು ಸ್ವಾಮಿ? ವೀಳ್ಯದೆಲೆ. ತರಕಾರಿ ಎಂದರೆ? ಬದನೆ, ಹುರುಳಿಕಾಯಿ, ಹೀರೆಕಾಯಿ. ಸೊಪ್ಪು ಎಂದರೆ ಸೊಪ್ಪು! ಸಂತೆಯಲ್ಲಿ ಅದರ ಸಾಲೇ ಬೇರೆ.

“ಎಲೆನೂ ಬ್ಯಾಡ, ತರಕಾರಿನೂ ಬ್ಯಾಡ ಅಂತ ಬರ್ದವ್ರೆ ಕಣಮ್ಮಿ” ಎಂದರು ಅತ್ತೆ.

“ಮತ್ತೆ ಏನ್ ತಿಂತೀರಿ ಅತ್ತೆ?”

“ಸೊಪ್ಪಿಲ್ವಾ? ಸೊಪ್ಪಿಗೇನ್ ಬಂದದೆ ರೋಗ?”

ನಲವತ್ತು ವರ್ಷದ ಎಲೆಯಡಿಕೆಯನ್ನು ಅವತ್ತೇ ಬಿಟ್ಟರು. ಇಂಥ ವಿಧೇಯ ಪ್ರಜೆ ತಮಗೆ ಇನ್ನೆಲ್ಲಿ ಸಿಕ್ಕಾರು? ಮಳವಳ್ಳಿ ಕಡೆಯ ಅವರ ತಂಗಿ ಹೊಲದ ಬೆರಕೆ ಸೊಪ್ಪನ್ನು ಚೀಲಗಟ್ಟಲೆ ಕಳಿಸಿದರು. ಬಸ್ಸಾರು, ಮಸ್ಸೊಪ್ಪು, ಪಲ್ಯ. ಮನೆಯೇ ಹಸಿರಾಯಿತು.

ಒಂದು ಮಧ್ಯಾಹ್ನ ಮುದ್ದೆ ಮುರಿಯಲು ಹೋದ ಅವರ ಕೈ ತಟ್ಟೆಗೆ ಬಿತ್ತು. ಬಾಯಿ ಸೊಟ್ಟಗಾಯಿತು. ನನ್ನನ್ನು ಕರೆಯಲು ಹೋದರೆ ಗಂಟಲಲ್ಲಿ ಬರೀ ಗೊರಗೊರ. ಆಟೋದಲ್ಲಿ ಅವರ ತಲೆಯನ್ನು ಎದೆಗೊತ್ತಿಕೊಂಡು ಸೊಸೆಯಾದ ನಾನು ಅತ್ತೆಗಾಗಿ ಅತ್ತೆ. ವ್ಯಾಕರಣದ ಈ ತಮಾಷೆ ಹೊಳೆದದ್ದು ಈಗ. ಆಗ ನನ್ನ ಜೀವವೇ ಬಾಯಿಗೆ ಬಂದಿತ್ತು.

ಪುಣ್ಯಕ್ಕೆ ಮೆದುಳಿಗೆ ಹೋದದ್ದು ಸಣ್ಣ ಹೆಪ್ಪು, ಬೇಗ ಕರಗಿತು. ಮಾತು ಮರಳಿದಾಗ ವಾರ್ಡಿನ ನರ್ಸ್ ಫಕ್ರುನ್ನೀಸಾ ಕೇಳಿದರು: “ಏನಮ್ಮಾ, ಸೊಪ್ಪುಗಿಪ್ಪು ಜಾಸ್ತಿ ತಿಂದ್ರಾ?”

“ತಿಂದೆ ಕಣವ್ವ! ಚೀಟೀಲಿ ಬರ್ದಂಗೇ ಎಲೆನೂ ಬುಟ್ಟೆ, ತರಕಾರಿನೂ ಬುಟ್ಟೆ. ಮೂರೊತ್ತೂ ಸೊಪ್ಪೇಯ!”

ಆ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ನಗುವನ್ನು ತಾವು ಕೇಳಬೇಕಿತ್ತು. ನಕ್ಕು ಮುಗಿಸಿ ಬಿಡಿಸಿ ಹೇಳಿದರು. ಸೊಪ್ಪಿನ ಸತ್ವ ಈ ಮಾತ್ರೆಯ ಬಲ ಕುಗ್ಗಿಸುತ್ತದಂತೆ. ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ಏಕಾಏಕಿ ಹೆಚ್ಚಿಸಬಾರದು, ಏಕಾಏಕಿ ನಿಲ್ಲಿಸಲೂಬಾರದು. ದಿನವೂ ಹೆಚ್ಚುಕಮ್ಮಿ ಒಂದೇ ಅಳತೆ ಇರಬೇಕು. ನಿನ್ನೆ ಅತ್ತೆ ಮನೆಗೆ ಮರಳಿದರು.

‘ಸೊಪ್ಪು’ ಎರಡಕ್ಷರ, ಮಾನ್ಯರೇ. ಬರೆದಿದ್ದರೆ ಕಚೇರಿಯ ಶಾಯಿ ಮುಗಿಯುತ್ತಿತ್ತೇ? ಮದ್ದೂರು ಸಂತೆಗೆ ಹೋಗಿ “ಒಂದು ಕಟ್ಟು ಹಸಿರು ಎಲೆ ತರಕಾರಿ ಕೊಡಮ್ಮ” ಎಂದು ಕೇಳಿ ನೋಡಿ. ಬರುವ ಉತ್ತರವನ್ನು ಈ ಪತ್ರದಲ್ಲಿ ಬರೆಯುವಂತಿಲ್ಲ.

ಇಲ್ಲಿಗೆ ಮುಗಿಸುವವಳಿದ್ದೆ. ಅಷ್ಟರಲ್ಲಿ ಹಿತ್ತಲಲ್ಲಿ ಪಕ್ಕದ ಮನೆಯ ಚಿಕ್ಕಮಾದಮ್ಮ ಅತ್ತೆಯ ಅಂಗೈಗೆ ಮಂಡಿನೋವಿನ ಮಾತ್ರೆ ಇಡುವುದು ಕಂಡಿತು. ಓಡಿ ಹೋಗಿ ಕಿತ್ತುಕೊಂಡೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸುರಿಯಬಹುದೆಂದು ಸಿಸ್ಟರ್ ಎಚ್ಚರಿಸಿದ್ದರು.

“ಚೀಟೀಲಿ ಬರೆದಿಲ್ವಾ ಅತ್ತೆ?”

“ಬರ್ದವ್ರೆ. ‘ಸ್ವಯಂ ಔಷಧೋಪಚಾರ ನಿಷಿದ್ಧ.’ ನಾನೆಲ್ಲಿ ಸ್ವಯಂ ತಕ್ಕಂಡೆ? ಚಿಕ್ಕಮಾದಿ ಕೊಟ್ಲು!”

ಆದ್ದರಿಂದ ನನ್ನ ಬೇಡಿಕೆ: ಕರಪತ್ರ ಹಿಡಿದು ತಾವೇ ಗುತ್ತಲಿನ ನಮ್ಮ ಮನೆಗೆ ಬನ್ನಿ. ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದಿ. ಅವರಿಗೆ ಏನು ಅರ್ಥವಾಯಿತೆಂದು ಕೇಳಿ, ತಿದ್ದಿ, ಆಮೇಲೆ ಸಹಿ ಹಾಕಿ. ಬೇಗ ಬನ್ನಿ. ಅದರಲ್ಲಿ ಇನ್ನೂ ಹತ್ತಾರು ಸೂಚನೆಗಳಿವೆ, ಅತ್ತೆ ಒಂದನ್ನೂ ಬಿಡದೆ ಪಾಲಿಸುತ್ತಿದ್ದಾರೆ.

ಇಂತಿ,
ಹಿತ್ತಲ ಬಾಗಿಲಿಗೆ ಬೀಗ ಹುಡುಕುತ್ತಿರುವ,
ಹೆಸರಿಗಷ್ಟೇ ಸೌಮ್ಯ
ಗುತ್ತಲು, ಮಂಡ್ಯ