ಯಾರ ಕಡೆಯ ಬುದ್ಧಿ

ಭಾನುವಾರ, ಅಂಗಡಿಗೆ ರಜೆ

ನನ್ನ ಪ್ರಶ್ನೆಪೆಟ್ಟಿಗೆಯೇ,

ನಿನ್ನ ಕಾಗದ ಬಂತು. ನಿಮ್ಮ ಪ್ರಯೋಗಾಲಯದ ಹಿರಿಯ ವಿಜ್ಞಾನಿ, ‘ಈ ಬುದ್ಧಿ ಹುಟ್ಟಿನಿಂದ್ಲೇ ಬರ್ಬೇಕಮ್ಮಾ, ನಿಮ್ಮ ಮನೇಲಿ ಯಾರು ವಿಜ್ಞಾನಿ?’ ಅಂದರಂತೆ. ಅಂದಿನಿಂದ ನಿನ್ನ ತಲೆಗೆ ಹುಳ ಹೊಕ್ಕಿದೆ. ಹೆತ್ತವಳನ್ನು ಹುಡುಕಲಾ ಅಮ್ಮಾ, ನಿನಗೆ ಬೇಜಾರಾಗುತ್ತದಾ ಅಂತ ಕೇಳಿದ್ದೀಯ. ಆಗುತ್ತದೆ ಕಣೇ, ಸುಳ್ಳು ಯಾಕೆ ಹೇಳಲಿ? ಹಸುಗೂಸನ್ನು ದತ್ತು ತಂದು ಮಡಿಲಿಗೆ ಹಾಕಿಕೊಂಡವಳು ನಾನು. ಈಗ ಇನ್ನೊಬ್ಬಳು ಬಂದು ಇವಳು ನನ್ನವಳು ಅಂದುಬಿಟ್ಟರೆ?

ಇರಲಿ, ಮೊದಲು ಮೊನ್ನೆಯ ರಂಪ ಕೇಳು. ನಿನ್ನ ಕೆಲಸ ಕಾಯಂ ಆಯಿತೆಂದು ತಿಳಿದು ನಿನ್ನ ಸೋದರತ್ತೆಯೂ ನನ್ನ ತಮ್ಮನೂ ಒಟ್ಟಿಗೇ ಬಂದಿಳಿದರು. ಅತ್ತೆ ಕೂತವರೇ, ‘ಇದು ನಮ್ಮ ಕಡೆ ಬುದ್ಧಿ, ನಮ್ಮಪ್ಪ ಕೆಟ್ಟ ಗಡಿಯಾರ ಕಂಡ್ರೆ ಬಿಡ್ತಿರ್ಲಿಲ್ಲ’ ಅಂದರು. ನಿನ್ನ ಸೋದರಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ‘ಹೋಗ್ರೀ, ನಿಮ್ಮಪ್ಪ ಬಿಚ್ಚಿದ ಗಡಿಯಾರ ಒಂದಾದ್ರೂ ಮತ್ತೆ ನಡೀತಾ? ಆ ಹಣೆ ನೋಡಿ, ಥೇಟ್ ನಮ್ಮಮ್ಮಂದು’ ಅಂತ ಎಗರಿಬಿದ್ದ. ಇಸ್ತ್ರಿ ಮಾಡುತ್ತಿದ್ದ ನಿನ್ನಪ್ಪ ಕೂಡ, ‘ರಕ್ತ ಸುಮ್ನೆ ಬಿಡುತ್ತಾ? ನಮ್ಮ ಮನೇಲಿ ಲೆಕ್ಕ ಅಂದ್ರೆ ನೀರು ಕುಡಿದಷ್ಟು ಸುಲಭ’ ಅಂತ ಅಕ್ಕನ ಪರ ನಿಂತರು. ಅಷ್ಟರಲ್ಲಿ ಯಾರದೋ ಶರ್ಟಿನ ಕಾಲರ್ ಸುಟ್ಟೇ ಹೋಯಿತು. ನಿನ್ನನ್ನು ತಂದ ದಿನ ಈ ಮೂವರೂ ನನ್ನ ಜೊತೆಗಿದ್ದವರು ಕಣೇ! ಒಬ್ಬರಿಗೂ ಅದು ನೆನಪಾಗಲಿಲ್ಲ.

ನನಗೆ ಗೊತ್ತಿರುವುದಿಷ್ಟೇ. ಚಿಕ್ಕವಳಿದ್ದಾಗ ನೀನು ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಸ್ಟೂಲ್ ಹತ್ತಿ ನಿಂತು, ಚಹಾದ ಕಲೆ ಹೋಯ್ತು, ತುಕ್ಕಿನ ಕಲೆ ಯಾಕೆ ಹೋಗ್ಲಿಲ್ಲ ಅಂತ ನನ್ನ ತಲೆ ತಿನ್ನುತ್ತಿದ್ದೆ. ನಾನು ಓದಿದವಳಾ, ಏನಂತ ಹೇಳಲಿ? ಒಂದು ಚಿಂದಿ ಕೈಗೆ ಕೊಟ್ಟು, ನೀನೇ ಏನಾದ್ರೂ ಹಾಕಿ ನೋಡು ಅನ್ನುತ್ತಿದ್ದೆ. ನೀನು ಸೋಪು ಹಾಕಿದೆ, ಸೋಡಾ ಹಾಕಿದೆ, ಕೊನೆಗೆ ನಿಂಬೆರಸ ಹಿಂಡಿದೆ. ತುಕ್ಕು ಬಿಟ್ಟಿತು. ಆಗ ನಿನ್ನ ಮುಖ ನೋಡಿ ಬೆರಗಾದವಳು ಇವತ್ತಿಗೂ ಬೆರಗಾಗಿಯೇ ಇದ್ದೇನೆ. ಅಂಥ ಹಟ ನನ್ನ ಚಿಂದಿಯಿಂದ ಹುಟ್ಟಿತು ಅನ್ನುವ ಧೈರ್ಯ ನನಗಿಲ್ಲ. ಆದರೆ ಮುಟ್ಟಬೇಡ, ಹುಡುಗಿಗೆ ಇದೆಲ್ಲ ಯಾಕೆ ಅಂತ ಗದರಿಸಿದ್ದರೆ ಅದು ಉಳಿಯುತ್ತಿತ್ತಾ? ನಿಮ್ಮ ಆ ಹಿರಿಯ ವಿಜ್ಞಾನಿಯನ್ನೇ ಕೇಳು.

ಹುಡುಕು ಮಗಳೇ. ಆಕೆ ಸಿಕ್ಕರೆ ಕೈ ಹಿಡಿದು ಮಾತಾಡು. ಇಂಥವಳನ್ನು ಹೆತ್ತ ತಾಯಿಗೆ ನಾನೂ ಒಮ್ಮೆ ಕೈ ಮುಗಿಯಬೇಕು. ಆಮೇಲೆ ಮನೆಗೆ ಬಾ.

ನಿನ್ನ
ಅಮ್ಮ

ಮೇಲೆ ಬರೆಯದೆ ಬಿಟ್ಟದ್ದು: ಮೂವರನ್ನೂ ಆಡಿಕೊಂಡೆನಲ್ಲ, ಜಗಳ ಬಿಡಿಸಿದವಳು ನಾನೇ. ‘ಸುಮ್ನಿರ್ರೀ ಎಲ್ರೂ, ಹೊಟ್ಟೇಲಿದ್ದಾಗ್ಲೇ ಒದ್ದೂ ಒದ್ದೂ ನಂಗೆ ನಿದ್ದೆ ಮಾಡೋಕೆ ಬಿಡ್ಲಿಲ್ಲ ಅವಳು, ನಿಮಗೇನು ಗೊತ್ತು’ ಅಂತ ಗದರಿಸಿಬಿಟ್ಟೆ. ಯಾರೂ ನಗಲಿಲ್ಲ. ನಿನ್ನಪ್ಪ, ಹೌದೌದು, ನಂಗೂ ನೆನಪಿದೆ ಅಂದರು.