ಆಕಾಶ ಎತ್ತುವ ತರಗತಿ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನೀನೂ ಅಳಿಯಂದಿರೂ ಪುಟ್ಟಿಯೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ "ಆಮೇಲೆ ಮಾತಾಡ್ತೀನಿ ಕಣೇ" ಎಂದು ಇಟ್ಟುಬಿಟ್ಟೆ, ಕಾಗದ ಬರೆಯುವುದಕ್ಕೂ ಇಷ್ಟು ತಡಮಾಡಿದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನೀನು, ಬೈದಿರುತ್ತೀಯ. ಬೈದುಕೋ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನಡುವೆ ಬಾಯಿ ಹಾಕುತ್ತೀಯ, ಆಮೇಲೆ ನಾನು ಹೇಳಬೇಕಾದದ್ದು ಬಿಟ್ಟು ಬೇರೇನೋ ಹೇಳುತ್ತೇನೆ. ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತಿದೆ, ಕೇಳುವಾಗಲೇ ಬರೆದುಬಿಡೋಣವೆಂದು ಕೂತೆ.

ಎಡಗೈ ವಿಷಯ ನಿನಗೆ ಅರ್ಧ ಗೊತ್ತು. ಭುಜ ಹಿಡಿದುಕೊಂಡಿದೆ ಎಂದಿದ್ದೆ. ನರದ ಡಾಕ್ಟರು ಸೂಜಿ ಚುಚ್ಚಿ, ವೈರು ಹಚ್ಚಿ, ಎಲ್ಲ ನೋಡಿ, ಕೊನೆಗೆ ಕನ್ನಡಕ ತೆಗೆದಿಟ್ಟು ಹೇಳಿದರು: "ಮಾಂಸಖಂಡ ಸ್ವಲ್ಪ ಸ್ವಲ್ಪವಾಗಿ ಕರಗ್ತಾ ಇದೆ ಅಮ್ಮ. ಇದಕ್ಕೆ ಔಷಧಿ ಅಂತ ಇಲ್ಲ." ಜೀವಮಾನವಿಡೀ ಲಿಫ್ಟು ರಿಪೇರಿ ಮಾಡಿದ ನಿಮ್ಮಪ್ಪ, "ಬೇರೆ ಪಾರ್ಟ್ ಹಾಕೋಕಾಗಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರು ನಗಲಿಲ್ಲ, ನಾನು ನಕ್ಕೆ. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತರು. ನಾನು ಕಂಡೂ ಕಾಣದವಳ ಹಾಗೆ ಟಿಕೆಟ್ಟು ಮಡಚುತ್ತಾ ಕೂತಿದ್ದೆ.

ಇನ್ನು ನಾನು ಹೇಳಿಕೊಡುವ ತರಗತಿಯ ಕಥೆ ಕೇಳು. ಡ್ರೈವಿಂಗ್ ಸ್ಕೂಲಿನ ಮಹಡಿಯ ಮೇಲೆ ಅದೇ ಕೋಣೆ, ಕೆಳಗೆ ಕಲಿಯುವವರು ಗೇರು ಕಿರುಗುಟ್ಟಿಸುವ ಅದೇ ಸದ್ದು. ಮೊದಲು ಚಿಗಾಂಗ್, ಅದೇ ಆ ಚೀನೀ ಉಸಿರಾಟದ ವ್ಯಾಯಾಮ, ಆಮೇಲೆ ಧ್ಯಾನ. ಮೊದಲ ಪಟ್ಟು ಆಕಾಶ ಎತ್ತುವುದು: ಉಸಿರು ಎಳೆದುಕೊಳ್ಳುತ್ತಾ ಎರಡೂ ಅಂಗೈಗಳನ್ನು ತಲೆಯ ಮೇಲಕ್ಕೆ ಒಯ್ಯಬೇಕು, ಮೇಲೆ ಏನೋ ಇದೆ, ಅದನ್ನು ಎತ್ತಿ ಹಿಡಿಯಬೇಕು ಎಂಬಂತೆ. ನಾನು ಬೆನ್ನು ಹಾಕಿ ಮುಂದೆ ನಿಂತು ಮಾಡುತ್ತೇನೆ, ತರಗತಿಗೆ ಬಂದವರು ನೋಡಿ ಮಾಡುತ್ತಾರೆ. "ಪ್ರಶ್ನೆ ಬೇಡ, ಸುಮ್ನೆ ನೋಡಿ ಮಾಡಿ" ಎಂಬುದು ನಾನೇ ಹಾಕಿದ ಕಟ್ಟಳೆ. ಚಳಿ ಶುರುವಾದಾಗಿನಿಂದ ನನ್ನ ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಯಾರೋ ಕೆಮ್ಮಿದರೆಂದು ತಿರುಗಿ ನೋಡುತ್ತೇನೆ, ಇಡೀ ಕೋಣೆಯ ಎಡಗೈಗಳು ಭುಜದ ಮಟ್ಟದಲ್ಲೇ ನಿಂತಿವೆ! ಎಲ್ಲರ ಮುಖದಲ್ಲೂ ಪರಮ ಶಾಂತಿ.

ಅವರಲ್ಲೊಬ್ಬರು, ಕ್ಷೌರದಂಗಡಿಯವರು, ಹೇಳಿದರು, "ಮೇಡಂ, ಈ ಹೊಸ ಪಟ್ಟು ಭಾರಿ ಚೆನ್ನಾಗಿದೆ. ದಿನವೆಲ್ಲ ಕತ್ತರಿ ಹಿಡಿದು ಭುಜ ಬಿದ್ದೋಗಿತ್ತು, ಈಗ ಎಷ್ಟೋ ವಾಸಿ."

"ನಾನು ನನ್ ತಂಗಿಗೂ ಹೇಳ್ಕೊಟ್ಟೆ" ಎಂದರು ಬ್ಯಾಂಕಿನ ಮ್ಯಾನೇಜರಮ್ಮ. "ಬಲಗೈಲಿ ಹಿಡ್ಕೊಳ್ಳೋದು, ಎಡಗೈಲಿ ಬಿಟ್ಬಿಡೋದು. ಅದೇ ತಾನೇ ಅರ್ಥ?"

ನಗು ಉಕ್ಕಿ ಬಂತು, ತುಟಿ ಕಚ್ಚಿಕೊಂಡು ಮತ್ತೆ ಬೆನ್ನು ಹಾಕಿ ನಿಂತೆ. ಅಂದು ಧ್ಯಾನಕ್ಕೆ ಕೂರಿಸಿ, "ಬರೋ ಯೋಚನೆ ಬರಲಿ, ಹೋಗೋದು ಹೋಗಲಿ, ಸುಮ್ನೆ ನೋಡ್ತಾ ಇರಿ" ಎಂದೆ. ನನಗೆ ಬರುವುದು ಒಂದೇ ಯೋಚನೆ, ಬಂದದ್ದು ಹೋಗುವುದೂ ಇಲ್ಲ. ಖಾಲಿ ಮಾಡದ ಬಾಡಿಗೆದಾರನ ಹಾಗೆ ಮಂಚ ಹಾಕಿಕೊಂಡು ಮಲಗಿದೆ. ಬಂದದ್ದನ್ನು ಒಪ್ಪಿಕೊಳ್ಳುವುದು ಹೇಗೆಂದು ಊರಿಗೆಲ್ಲ ಹೇಳಿಕೊಟ್ಟವಳು ನಾನು! ನನಗೆ ಒಪ್ಪಿಗೆಯಾಗುತ್ತಿಲ್ಲ ಮಗಳೇ. ಒಂದಿಷ್ಟೂ ಒಪ್ಪಿಗೆಯಿಲ್ಲ.

ಮರುದಿನ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದು ಪಟ್ಟಲ್ಲ, ಕಾಯಿಲೆ, ನೀವೆಲ್ಲ ಕೈ ಪೂರ್ತಿ ಎತ್ತಿ ಎಂದೆ. ಮ್ಯಾನೇಜರಮ್ಮ ಮೆಲ್ಲಗೆ, "ಇಷ್ಟು ವರ್ಷ ಮಾಡಿದ ನಿಮಗೇ ಹೀಗಾದ್ರೆ ನಮ್ ಗತಿ ಏನು ಮೇಡಂ?" ಎಂದರು. ಕುಹಕವಿರಲಿಲ್ಲ, ಪಾಪ, ನಿಜವಾಗಿ ಹೆದರಿದ್ದರು. ಮನಸ್ಸಿಗೆ ಸಮಾಧಾನ ಸಿಗುತ್ತದೆ ಎನ್ನಲು ಬಾಯಿ ತೆರೆದೆ, ಆದರೆ ನನಗೇ ಸಿಕ್ಕಿಲ್ಲವಲ್ಲ. ಅವರು ಚಾಪೆ ಸುತ್ತಿಕೊಂಡು ಹೋದವರು ಮತ್ತೆ ಬರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಜಾರಿಕೊಂಡರು. ಕ್ಷೌರದವರೂ ಇನ್ನಿಬ್ಬರೂ ಅಷ್ಟೇ ಬರುತ್ತಾರೆ. ಅವರ ಕೈಗಳೀಗ ಪೂರ್ತಿ ಮೇಲೆ ಹೋಗುತ್ತವೆ. ನನ್ನನ್ನು ನೋಡಬಾರದೆಂದು ಮಾತ್ರ ನೆಲ ನೋಡುತ್ತಾ ಮಾಡುತ್ತಾರೆ.

ನಿಮ್ಮಪ್ಪ ಬಾಗಿಲ ಚೌಕಟ್ಟಿಗೆ ರಾಟೆ ಹಾಕಿ ಹಗ್ಗ ಇಳಿಬಿಟ್ಟಿದ್ದಾರೆ. ಬೆಳಿಗ್ಗೆ ಹಗ್ಗ ಎಳೆದು ನನ್ನ ಕೈಯನ್ನು ಮೇಲಕ್ಕೆ ಒಯ್ಯುತ್ತಾರೆ. "ಯಾವ ಫ್ಲೋರಿಗೆ ಮೇಡಂ?" ಎಂದು ಕೇಳುತ್ತಾರೆ. ಟೆರೇಸಿಗೆ ಎನ್ನುತ್ತೇನೆ. ಕೆಳಗಿಳಿಸುವಾಗ ಹಗ್ಗವನ್ನು ಇಂಚಿಂಚಾಗಿ ಬಿಡುತ್ತಾರೆ. ಬಲ ಭುಜವೂ ಈಚೆಗೆ ಭಾರವಾಗುತ್ತಿದೆ, ಅವರಿಗೆ ಇನ್ನೂ ಹೇಳಿಲ್ಲ.

ನೀನು ನಕ್ಕುನಲಿದು ಇರು. ಅಳಿಯಂದಿರಿಗೆ ಕೇಳಿದೆನೆಂದು ಹೇಳು, ಪುಟ್ಟಿಯ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮೂವರ ಮೈಗೂ ಮನಸ್ಸಿಗೂ ಯಾವ ಕುಂದೂ ಬಾರದಿರಲಿ ಎಂದು ಹರಸುವ,

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿಮ್ಮಪ್ಪ ಬಿಲ್ಲು ಕಟ್ಟಲು ಹೊರಗೆ ಹೋದಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಇದು ಹೆತ್ತವರಿಂದ ಮಕ್ಕಳಿಗೆ ಬರಬಹುದಾದ ಕಾಯಿಲೆಯಂತೆ. ಪುಟ್ಟಿಯ ಹುಟ್ಟುಹಬ್ಬದ ವಿಡಿಯೋ ಕಳಿಸಿದ್ದೆಯಲ್ಲ, ಅದರಲ್ಲಿ ಹಿಂದೆ ಕನ್ನಡಿಯ ಮುಂದೆ ನೀನು ತಲೆ ಬಾಚಿಕೊಳ್ಳುತ್ತಿದ್ದೀಯ. ಎಡ ಮೊಣಕೈಯನ್ನು ಮೇಜಿನ ಮೇಲೆ ಊರಿ, ತಲೆಯನ್ನೇ ಕೈಯ ಹತ್ತಿರಕ್ಕೆ ಬಗ್ಗಿಸಿಕೊಂಡು. ನನಗೂ ಮೊದಲು ಹಾಗೆಯೇ ಆಗಿತ್ತು. ಡಾಕ್ಟರ ಹತ್ತಿರ ಹೋಗು. ಹೋಗುವಾಗ ಪುಟ್ಟಿಯನ್ನೂ ಕರೆದುಕೊಂಡು ಹೋಗು.